ಬಿಂಬ ಬೆಳಗಿದರೆ ಸಾಲದು: ಎಕ್ಸ್-ರೇ ಇಂಟೆನ್ಸಿಫೈಯರ್ ಟ್ಯೂಬಿನ ವಿನ್ಯಾಸ ಎಲ್ಲಿಂದ ಶುರುವಾಗುತ್ತದೆ?

ಪ್ರಶ್ನೆ: ನಾನು ವಿಜಯಪುರದಲ್ಲಿ ಎಲೆಕ್ಟ್ರಾನಿಕ್ಸ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಮೂಳೆ ಕೂಡಿಸುವಾಗ ಬಳಸುವ ಸಿ-ಆರ್ಮ್ ಎಂಬ ಎಕ್ಸ್-ರೇ ಯಂತ್ರವನ್ನು ಒಂದು ಆಸ್ಪತ್ರೆಯಲ್ಲಿ ನೋಡಿದೆ. ಚಿತ್ರ ಮಂಕಾಗಿತ್ತು, ‘ಟ್ಯೂಬ್ ವೀಕ್ ಆಗೈತ್ರಿ, ಅದಕ್ಕ ಹಿಂಗ ಕಾಣ್ತದ’ ಎಂದು ಅಲ್ಲಿನ ತಂತ್ರಜ್ಞರು ಹೇಳಿದರು. ಬಿಂಬವನ್ನು ಈಗಿನದಕ್ಕಿಂತ ಹತ್ತು ಪಟ್ಟು ಬೆಳಗಿಸುವ ಟ್ಯೂಬನ್ನು ವಿನ್ಯಾಸ ಮಾಡಿದರೆ, ರೋಗಿಗೆ ಕೊಡುವ ವಿಕಿರಣವನ್ನು ಹತ್ತರಲ್ಲಿ ಒಂದಕ್ಕೆ ಇಳಿಸಬಹುದಲ್ಲವೇ? ಇದನ್ನೇ ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ಬೆಳಗಾವಿಯ ಗುಜರಿಯೊಂದರಲ್ಲಿ ಹಳೆಯ ಟ್ಯೂಬೊಂದು ಸಿಕ್ಕಿದೆ. ಅದನ್ನು ಬಿಚ್ಚಿ ನೋಡಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಟ್ಯೂಬನ್ನು ಬಿಚ್ಚಬೇಡಿ. ಕಾರಣ ಮುಂದೆ ಬರುತ್ತದೆ. ನಿಮ್ಮ ಮುಖ್ಯ ಪ್ರಶ್ನೆಗೂ ಉತ್ತರ ‘ಇಲ್ಲ’ ಎಂದೇ. ಆದರೆ ಯಾಕೆ ಇಲ್ಲ ಎಂಬುದನ್ನು ಬಿಡಿಸಿಕೊಂಡರೆ ಈ ಇಂಟೆನ್ಸಿಫೈಯರ್ ಟ್ಯೂಬಿನ, ಅಂದರೆ ರೋಗಿಯನ್ನು ದಾಟಿ ಬಂದ ಎಕ್ಸ್-ರೇಯನ್ನು ಹಿಡಿದು ಬೆಳಗಿದ ಬಿಂಬವಾಗಿಸುವ ನಿರ್ವಾತ ಟ್ಯೂಬಿನ, ವಿನ್ಯಾಸದ ಮುಕ್ಕಾಲು ಪಾಲು ಕೈಗೆ ಬಂದಂತೆ. ಬೆಳಕನ್ನು ಹತ್ತು ಪಟ್ಟು ಹೆಚ್ಚಿಸುವುದು ದೊಡ್ಡ ಮಾತಲ್ಲ. ಟ್ಯೂಬಿನೊಳಗೆ ಎಲೆಕ್ಟ್ರಾನುಗಳನ್ನು ಎಳೆಯುವ ಆನೋಡಿನ ವೋಲ್ಟೇಜ್ ಏರಿಸಿ, ಹಿಂದೆ ಇನ್ನೊಂದು ಟ್ಯೂಬ್ ಜೋಡಿಸಿ, ಅಥವಾ ಕ್ಯಾಮೆರಾದ ಗೇನ್ (ವರ್ಧನೆ) ತಿರುಗಿಸಿ ಅದನ್ನು ಸಾಧಿಸಬಹುದು. ಆದರೆ ಟ್ಯೂಬಿನ ಮೊದಲ ಪದರ ಹಿಡಿಯದೆ ಬಿಟ್ಟ ಎಕ್ಸ್-ರೇ ಕಣವನ್ನು ಅದರ ಹಿಂದೆ ಕೂತಿರುವ ಯಾವ ಭಾಗವೂ ಮರಳಿ ತರಲಾರದು. ನಿರ್ವಾತ ಟ್ಯೂಬುಗಳ ತಯಾರಿಕೆಯಲ್ಲಿ ನನ್ನ ವೃತ್ತಿಜೀವನದ ಹೆಚ್ಚಿನ ಕಾಲ ಕಳೆದಿದೆ. ಆ ಅನುಭವದ ಮೇಲೆ ಹೇಳುವುದಾದರೆ, ಈ ಟ್ಯೂಬನ್ನು ಬೆಳಕಿನ ಯಂತ್ರವೆಂದು ನೋಡುವವನು ಅದರ ವಿನ್ಯಾಸದಲ್ಲಿ ದಾರಿ ತಪ್ಪುತ್ತಾನೆ. ಕಣಗಳ ಲೆಕ್ಕಪುಸ್ತಕವೆಂದು ನೋಡುವವನಿಗೆ ದಾರಿ ಸಿಗುತ್ತದೆ.

ಈ ಟ್ಯೂಬ್ ಹುಟ್ಟಿದ್ದೇ ಒಂದು ಲೆಕ್ಕದ ತೊಂದರೆಯಿಂದ. ರಾಂಟ್ಜೆನ್ 1895ರ ನವೆಂಬರಿನಲ್ಲಿ ಎಕ್ಸ್-ರೇಯನ್ನು ಗುರುತಿಸಿದ್ದು ಬೇರಿಯಂ ಪ್ಲಾಟಿನೋಸಯನೈಡ್ ಲೇಪಿಸಿದ ಪರದೆಯೊಂದು ಮಿನುಗಿದ್ದರಿಂದ. ಆಮೇಲಿನ ಐದು ದಶಕಗಳ ಕಾಲ ವೈದ್ಯರು ಹೃದಯ, ಅನ್ನನಾಳಗಳ ಚಲನೆಯನ್ನು ನೋಡಿದ್ದೂ ಅಂಥ ಮಿನುಗುವ ಪರದೆಗಳ ಮೇಲೆಯೇ. ಪರದೆ ಎಷ್ಟು ಮಂಕಾಗಿತ್ತೆಂದರೆ, ಅದನ್ನು ನೋಡುವ ಮೊದಲು ಇಪ್ಪತ್ತು-ಮೂವತ್ತು ನಿಮಿಷ ಕತ್ತಲೆಯಲ್ಲಿ ಕೂರಬೇಕಾಗುತ್ತಿತ್ತು, ಇಲ್ಲವೇ ಕೆಂಪು ಗಾಜಿನ ಕನ್ನಡಕ ಹಾಕಿಕೊಂಡು ಕಣ್ಣನ್ನು ಹದಗೊಳಿಸಿಕೊಳ್ಳಬೇಕಾಗುತ್ತಿತ್ತು. ಅಷ್ಟು ಮಂದ ಬೆಳಕಿನಲ್ಲಿ ಕಣ್ಣಿನ ಶಂಕುಕೋಶಗಳು ಕೆಲಸ ಮಾಡುವುದಿಲ್ಲ. ದಂಡಕೋಶಗಳಷ್ಟೇ ಕಾಣುತ್ತವೆ, ಅವುಗಳಿಗೆ ಸೂಕ್ಷ್ಮ ವಿವರ ಕಾಣುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಒಂದು ಎಕ್ಸ್-ರೇ ಕಣವನ್ನು ಪರದೆ ಹೀರಿಕೊಂಡಾಗ ಸಾವಿರ-ಎರಡು ಸಾವಿರ ಬೆಳಕಿನ ಕಣಗಳು ಹೊರಬಿದ್ದವು ಎಂದಿಟ್ಟುಕೊಳ್ಳಿ. ಅವು ಎಲ್ಲ ದಿಕ್ಕಿಗೂ ಚೆದರುತ್ತವೆ. ಕತ್ತಲೆಗೆ ಹೊಂದಿಕೊಂಡ ಕಣ್ಣಿನ ಪಾಪೆ ಹೆಚ್ಚೆಂದರೆ 7-8 ಮಿಲಿಮೀಟರ್ ಅಗಲವಿರುತ್ತದೆ. 25 ಸೆಂಟಿಮೀಟರ್ ದೂರದಿಂದ ನೋಡುವಾಗ ಆ ಪಾಪೆಯೊಳಗೆ ಹೊಗುವುದು ಹತ್ತು ಸಾವಿರ ಕಣಗಳಿಗೆ ಒಂದೋ ಎರಡೋ. ಒಳಹೊಕ್ಕವುಗಳಲ್ಲಿಯೂ ರೆಟಿನಾ ಗುರುತಿಸುವುದು ಸುಮಾರು ಹತ್ತರಲ್ಲೊಂದನ್ನು. ಅಂದರೆ ರೋಗಿಯ ದೇಹವನ್ನು ದಾಟಿ ಬಂದು ಪರದೆಯಲ್ಲಿ ಸಿಕ್ಕ ನೂರು ಎಕ್ಸ್-ರೇ ಕಣಗಳಲ್ಲಿ ವೈದ್ಯರ ಕಣ್ಣಿಗೆ ಸುದ್ದಿ ಮುಟ್ಟಿಸುತ್ತಿದ್ದುದು ಬೆರಳೆಣಿಕೆಯಷ್ಟು ಮಾತ್ರ. ಉಳಿದವು ರೋಗಿಗೆ ಅಪಾಯವನ್ನಷ್ಟೇ ಕೊಟ್ಟು ಹೋಗುತ್ತಿದ್ದವು. ಹೀಗೆ ಮಾಹಿತಿ ಅತ್ಯಂತ ತೆಳುವಾಗುವ ಘಟ್ಟ ಆ ಕಾಲದಲ್ಲಿ ಕಣ್ಣಿನ ಪಾಪೆಯಾಗಿತ್ತು.

ಅಮೆರಿಕದ ವೆಸ್ಟಿಂಗ್‌ಹೌಸ್ ಕಂಪನಿಯ ಜಾನ್ ಕೋಲ್ಟ್‌ಮನ್ 1948ರಲ್ಲಿ ಪ್ರಕಟಿಸಿದ ಟ್ಯೂಬ್ ಈ ಘಟ್ಟವನ್ನು ದಾಟಿಸಿತು. ಮಿನುಗುವ ಪದರಕ್ಕೆ ಬೆಳಕಿನಿಂದ ಎಲೆಕ್ಟ್ರಾನು ಹೊರಡಿಸುವ ಫೋಟೋಕ್ಯಾಥೋಡನ್ನು ಅಂಟಿಸಿ, ಆ ಎಲೆಕ್ಟ್ರಾನುಗಳನ್ನು ನಿರ್ವಾತದಲ್ಲಿ ವೇಗಗೊಳಿಸಿ, ಒಂದು ಸಣ್ಣ ಪರದೆಯ ಮೇಲೆ ಕೇಂದ್ರೀಕರಿಸಿ ಮತ್ತೆ ಬೆಳಕಾಗಿಸುವುದು ಅದರ ಉಪಾಯ. ಯುರೋಪಿನಲ್ಲಿ ಫಿಲಿಪ್ಸ್‌ನ ಟೆವೆಸ್ ಮತ್ತು ಟೋಲ್ 1950ರ ದಶಕದ ಆರಂಭದಲ್ಲಿ ಇದೇ ಬಗೆಯ ಟ್ಯೂಬನ್ನು ರೂಪಿಸಿದರು. (ಈ ಕೋಲ್ಟ್‌ಮನ್ ಕೊಳಲಿನ ಧ್ವನಿವಿಜ್ಞಾನದಲ್ಲಿಯೂ ಗಂಭೀರ ಸಂಶೋಧನೆ ಮಾಡಿದವರು. ಎರಡೂ ಕಡೆ ಅವರ ಕೈಯಲ್ಲಿದ್ದುದು ಒಂದು ಕೊಳವೆಯೇ ಎಂಬುದು ನನಗೆ ಇಷ್ಟವಾದ ಸಂಗತಿ.) 1949ರಲ್ಲಿ ಸ್ಟರ್ಮ್ ಮತ್ತು ಮಾರ್ಗನ್ ಎಂಬ ಸಂಶೋಧಕರು ಇಂಥ ವ್ಯವಸ್ಥೆಗಳ ಮಿತಿಯನ್ನು ಬರೆದು ತೋರಿಸಿದರು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಅಲ್ಲಿಯೇ ಇದೆ: ಮಾಹಿತಿ ತೆಳುವಾಗುವ ಘಟ್ಟ ಕಣ್ಣಿನಿಂದ ಹಿಂದೆ ಸರಿದು ಎಕ್ಸ್-ರೇ ಹೀರಿಕೊಳ್ಳುವ ಪದರಕ್ಕೆ ಬಂದು ನಿಲ್ಲುವವರೆಗೆ ಮಾತ್ರ ಬೆಳಕು ಹೆಚ್ಚಿಸುವುದರಿಂದ ಲಾಭ. ಅದರಾಚೆಗೆ ಹೆಚ್ಚಿಸಿದರೆ ಚಿತ್ರದ ಜೊತೆಗೆ ಚಿತ್ರದ ಚುಕ್ಕೆಚುಕ್ಕೆಯಾದ ಗದ್ದಲವೂ ಅಷ್ಟೇ ಪಟ್ಟು ಬೆಳಗುತ್ತದೆ.

ಆ ಗದ್ದಲ ಎಷ್ಟು? ಟ್ಯೂಬಿನ ಮುಖದ ಮೇಲೆ ಒಂದು ಫ್ರೇಮಿಗೆ 10 ನ್ಯಾನೋಗ್ರೇಯಷ್ಟು (ಗ್ರೇ ಎಂಬುದು ವಿಕಿರಣದ ಪ್ರಮಾಣ ಅಳೆಯುವ ಮಾನ) ವಿಕಿರಣ ಬೀಳುತ್ತಿದೆ ಎಂದುಕೊಳ್ಳೋಣ. ಕಣಗಳ ಶಕ್ತಿ 60 ಕಿಲೋ-ಎಲೆಕ್ಟ್ರಾನ್-ವೋಲ್ಟ್ ಆಸುಪಾಸಿನಲ್ಲಿದ್ದರೆ ಇದು ಚದರ ಮಿಲಿಮೀಟರಿಗೆ ಸುಮಾರು 300 ಕಣಗಳಷ್ಟಾಗುತ್ತದೆ. ಅದರಲ್ಲಿ 200 ಕಣಗಳನ್ನು ಟ್ಯೂಬ್ ಹಿಡಿದರೆ, ಸಂಖ್ಯೆಯ ಸಹಜ ಏರಿಳಿತ ಅದರ ವರ್ಗಮೂಲದಷ್ಟು, ಅಂದರೆ 14, ಶೇಕಡಾ 7. ನೋಟ ಸುಮಾರು ಐದು ಫ್ರೇಮುಗಳನ್ನು ಒಟ್ಟುಗೂಡಿಸಿಕೊಳ್ಳುವುದರಿಂದ ಇದು ಶೇಕಡಾ 3ರ ಹತ್ತಿರಕ್ಕೆ ಇಳಿಯುತ್ತದೆ. ಅಮೆರಿಕದ ಭೌತವಿಜ್ಞಾನಿ ಆಲ್ಬರ್ಟ್ ರೋಸ್ ತೋರಿಸಿದಂತೆ, ಒಂದು ವಸ್ತು ಖಚಿತವಾಗಿ ಕಾಣಬೇಕಾದರೆ ಅದರ ವ್ಯತ್ಯಾಸ ಗದ್ದಲದ ಐದು ಪಟ್ಟು ಇರಬೇಕು. ಆದ್ದರಿಂದ ಒಂದು ಚದರ ಮಿಲಿಮೀಟರಿನ ವಿವರ ಶೇಕಡಾ 15ರಷ್ಟಾದರೂ ಭಿನ್ನವಾಗಿದ್ದರೆ ಮಾತ್ರ ಕಾಣುತ್ತದೆ. ವಿಕಿರಣವನ್ನು ಹತ್ತರಲ್ಲೊಂದಕ್ಕೆ ಇಳಿಸಿ ನೋಡಿ: ಆ 15 ಹೋಗಿ 50ರ ಹತ್ತಿರವಾಗುತ್ತದೆ. ಪರದೆ ಎಷ್ಟೇ ಫಳಫಳ ಹೊಳೆದರೂ ಮೂಳೆಯ ಕೂದಲೆಳೆ ಬಿರುಕು ಕಾಣೆಯಾಗುತ್ತದೆ.

ಹೀಗಾಗಿ ವಿನ್ಯಾಸ ಶುರುವಾಗಬೇಕಾದದ್ದು ಎಕ್ಸ್-ರೇ ಹಿಡಿಯುವ ಮೊದಲ ಪದರದಿಂದ. ಆರಂಭದ ಟ್ಯೂಬುಗಳಲ್ಲಿ ಸತು-ಕ್ಯಾಡ್ಮಿಯಂ ಸಲ್ಫೈಡಿನ ಪುಡಿಯನ್ನು ಅಂಟಿನೊಂದಿಗೆ ಕಲಸಿ ಬಳಿಯುತ್ತಿದ್ದರು. ಪುಡಿಯ ಪದರ ದಪ್ಪವಾದರೆ ಹೆಚ್ಚು ಕಣ ಹಿಡಿಯುತ್ತದೆ, ಆದರೆ ಬೆಳಕು ಅಡ್ಡಡ್ಡ ಹರಡಿ ಚಿತ್ರ ಕದಡುತ್ತದೆ. ತೆಳುವಾದರೆ ಚಿತ್ರ ಚೂಪು, ಹಿಡಿತ ಕಡಿಮೆ. ಈ ಜಗ್ಗಾಟದಿಂದ ಪಾರು ಮಾಡಿದ್ದು 1970ರ ದಶಕದಲ್ಲಿ ಬಳಕೆಗೆ ಬಂದ, ಸೋಡಿಯಂ ಬೆರೆಸಿದ ಸೀಸಿಯಂ ಅಯೊಡೈಡ್. ಇದನ್ನು ನಿರ್ವಾತದಲ್ಲಿ ಆವಿ ಮಾಡಿ ತೆಳು ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೂರಿಸಿದಾಗ, ಅಂಟಿನ ಹಂಗಿಲ್ಲದೆ, ಸೂಜಿಯಂಥ ಹರಳುಗಳಾಗಿ ಬೆಳೆಯುತ್ತದೆ. ನಿಮ್ಮ ಕಡೆಯ ಬಿಳಿಜೋಳದ ಹೊಲದಲ್ಲಿ ದಂಟುಗಳು ಒತ್ತಾಗಿ ನಿಂತ ಹಾಗೆ, ಸುಮಾರು 5 ಮೈಕ್ರೋಮೀಟರ್ ಅಗಲದ ಈ ಸೂಜಿಗಳು 300ರಿಂದ 500 ಮೈಕ್ರೋಮೀಟರ್ ಎತ್ತರಕ್ಕೆ ನಿಲ್ಲುತ್ತವೆ. ಒಂದು ಸೂಜಿಯೊಳಗೆ ಹುಟ್ಟಿದ ಬೆಳಕು ಬಹುಮಟ್ಟಿಗೆ ಅದರೊಳಗೇ ಪುಟಿಯುತ್ತ ತುದಿಗೆ ಬರುತ್ತದೆ, ಪಕ್ಕದ ಸೂಜಿಗೆ ಹೆಚ್ಚಾಗಿ ದಾಟುವುದಿಲ್ಲ. ಇದರಿಂದ ಪದರವನ್ನು ದಪ್ಪ ಮಾಡಿಯೂ ಚೂಪು ಉಳಿಸಿಕೊಳ್ಳಲು ಸಾಧ್ಯವಾಯಿತು. ಅಯೋಡಿನ್ ಮತ್ತು ಸೀಸಿಯಂ ಪರಮಾಣುಗಳ ಹೀರಿಕೆ ಕ್ರಮವಾಗಿ 33 ಮತ್ತು 36 ಕಿಲೋ-ಎಲೆಕ್ಟ್ರಾನ್-ವೋಲ್ಟ್ ಬಳಿ ಒಮ್ಮೆಗೇ ಜಿಗಿಯುತ್ತದೆ. ದೇಹವನ್ನು ದಾಟಿ ಬರುವ ಕಣಗಳಲ್ಲಿ ಹೆಚ್ಚಿನವು ಇದಕ್ಕಿಂತ ಮೇಲಿನ ಶಕ್ತಿಯವೇ ಆದ್ದರಿಂದ ಇದು ದೊಡ್ಡ ಅನುಕೂಲ. ಟ್ಯೂಬಿನ ಚರಿತ್ರೆಯಲ್ಲಿ ರೋಗಿಗೆ ನಿಜವಾಗಿ ಉಪಕಾರವಾದ ಎರಡನೆಯ ಹೆಜ್ಜೆ ಇದೇ ಎಂದು ನನ್ನ ಅಭಿಪ್ರಾಯ. ಆ ಹೆಜ್ಜೆಯಲ್ಲಿ ಬದಲಾದದ್ದು ಬೆಳಗಿಸುವ ಭಾಗವಲ್ಲ, ಹಿಡಿಯುವ ಭಾಗ ಎಂಬುದನ್ನು ಗಮನಿಸಿ.

ಹಿಡಿಯುವ ಪದರದ ಮುಂದೆ ಕಿಟಕಿ ಇರುತ್ತದೆ. ಅಲ್ಲಿ ಕಳೆದುಹೋದ ಕಣವೂ ನಷ್ಟವೇ. ಹಳೆಯ ಟ್ಯೂಬುಗಳಲ್ಲಿ ದಪ್ಪ ಗಾಜಿನ ಮುಖವಿತ್ತು. ಅದು ಕಣಗಳನ್ನು ನುಂಗುತ್ತಲೂ ಇತ್ತು, ಚೆದರಿಸುತ್ತಲೂ ಇತ್ತು. ಆಮೇಲೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ, ಅಥವಾ ಅದಕ್ಕಿಂತ ತೆಳುವಾದ ಟೈಟಾನಿಯಂ ಬಂತು. ಲೋಹವನ್ನು ಇನ್ನೂ ತೆಳುಮಾಡಬಾರದೇ ಎಂದರೆ, ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋದಂತೆ ವಾಯುಭಾರ ಅದನ್ನು ಒಳಕ್ಕೆ ಒತ್ತುತ್ತಿರುತ್ತದೆ. 23 ಸೆಂಟಿಮೀಟರ್ ವ್ಯಾಸದ ಮುಖದ ಮೇಲೆ ಇದು 400 ಕಿಲೋ ಮೀರುತ್ತದೆ. ನಾಲ್ಕು ಜೋಳದ ಚೀಲಗಳನ್ನು ಹಗಲು-ರಾತ್ರಿ ಹೊತ್ತು ನಿಂತ ಹಾಗೆ. ಕಿಟಕಿ ಗುಮ್ಮಟದಂತೆ ಹೊರಕ್ಕೆ ಉಬ್ಬಿರುವುದು ಈ ಭಾರ ಹೊರುವುದಕ್ಕೆ.

ಫೋಟೋಕ್ಯಾಥೋಡಿನ ಬಗ್ಗೆ ಪುಸ್ತಕಗಳಲ್ಲಿ ಎರಡು ಸಾಲಿರುತ್ತವೆ, ಕಾರ್ಖಾನೆಯಲ್ಲಿ ಅದಕ್ಕೇ ದಿನಗಟ್ಟಲೆ ಹಿಡಿಯುತ್ತದೆ. ಸೀಸಿಯಂ ಅಯೊಡೈಡ್ ಸುಮಾರು 420 ನ್ಯಾನೋಮೀಟರಿನ ನೀಲಿ ಬೆಳಕು ಸೂಸುತ್ತದೆ. ಆಂಟಿಮನಿ-ಸೀಸಿಯಂ ಸಂಯುಕ್ತ ಆ ನೀಲಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಇವೆರಡರ ಜೋಡಿ ಹೊಂದಿದ್ದು ಅದೃಷ್ಟವೇ ಸರಿ. ಆದರೂ ಬಿದ್ದ ಬೆಳಕಿನ ಕಣಗಳಲ್ಲಿ ಎಲೆಕ್ಟ್ರಾನು ಹೊರಡಿಸುವುದು ಶೇಕಡಾ 10ರಿಂದ 20 ಮಾತ್ರ. ಇದು ನಮ್ಮ ಲೆಕ್ಕಕ್ಕೆ ಧಕ್ಕೆ ತರುವುದಿಲ್ಲ. ಒಂದು ಎಕ್ಸ್-ರೇ ಕಣದಿಂದ ಎರಡು ಸಾವಿರ ಮೀರಿ ಬೆಳಕಿನ ಕಣಗಳು ಹುಟ್ಟಿರುವುದರಿಂದ ಇಲ್ಲಿ ಬಹುಪಾಲು ಕಳೆದರೂ ಕೆಲವು ನೂರು ಎಲೆಕ್ಟ್ರಾನುಗಳು ಉಳಿಯುತ್ತವೆ, ಪ್ರತಿ ಎಕ್ಸ್-ರೇ ಕಣದ ಸುದ್ದಿಯೂ ಮುಂದೆ ಸಾಗುತ್ತದೆ. ಕಷ್ಟವಿರುವುದು ರಸಾಯನದಲ್ಲಿ. ಕ್ಯಾಥೋಡು ಗಾಳಿ ತಾಗಿದರೆ ಸತ್ತಂತೆ. ಆದ್ದರಿಂದ ಅದನ್ನು ಟ್ಯೂಬಿನೊಳಗೇ, ನಿರ್ವಾತದಲ್ಲಿ ಬೆಳೆಸಬೇಕು: ಮೊದಲು ಆಂಟಿಮನಿಯ ತೆಳು ಪೊರೆ, ಆಮೇಲೆ ಬಿಸಿಯಲ್ಲಿ ಸೀಸಿಯಂ ಆವಿ. ಕೆಳಗಿನ ಅಯೊಡೈಡಿನೊಂದಿಗೆ ಅದು ಬೆರೆಯದಂತೆ ನಡುವೆ ಪಾರದರ್ಶಕವಾದ ತೆಳು ತಡೆಪದರವೂ ಬೇಕು. ನಾವು ಸೀಸಿಯಂ ಬಿಡುತ್ತ ಮೀಟರಿನ ಮುಳ್ಳನ್ನೇ ನೋಡುತ್ತ ನಿಲ್ಲುತ್ತಿದ್ದೆವು; ಕ್ಯಾಥೋಡಿನಿಂದ ಹೊರಡುವ ವಿದ್ಯುತ್ ಏರುತ್ತ ಏರುತ್ತ ಒಂದು ತುದಿ ಮುಟ್ಟಿ ಇಳಿಯಲು ತೊಡಗುವ ಆ ಗಳಿಗೆಯಲ್ಲಿ ನಿಲ್ಲಿಸಬೇಕು. ಬೆಲ್ಲದ ಪಾಕ ನೋಡುವವರಿಗೆ ಈ ಕೆಲಸ ಬೇಗ ಹತ್ತುತ್ತದೆ. ಒಮ್ಮೆ ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯಲ್ಲಿ ಒಂದು ಕಂತಿನ ಟ್ಯೂಬುಗಳೆಲ್ಲ ಮಂಕಾಗಿ ಬಂದವು. ಹುಡುಕಿದಾಗ ತಿಳಿದದ್ದು, ಯಾರೋ ಒಳಭಾಗವೊಂದನ್ನು ಕೈಗವಸಿಲ್ಲದೆ ಮುಟ್ಟಿದ್ದರು. ಬೆವರಿನ ಉಪ್ಪು ಸಾಕಾಗಿತ್ತು.

ಎಲೆಕ್ಟ್ರಾನ್ ಮಸೂರಗಳ ಲೆಕ್ಕ ನಿಮ್ಮಂಥ ವಿದ್ಯಾರ್ಥಿಗೆ ಅತ್ಯಂತ ರುಚಿಕರವಾದ ಭಾಗ. ಕ್ಯಾಥೋಡಿನಿಂದ ಹೊರಬರುವ ಎಲೆಕ್ಟ್ರಾನುಗಳಿಗೆ ಬರಿಯ ಒಂದು ಎಲೆಕ್ಟ್ರಾನ್-ವೋಲ್ಟ್ ಆಸುಪಾಸಿನ ಶಕ್ತಿಯಿರುತ್ತದೆ. ದಿಕ್ಕೂ ಬೇರೆ ಬೇರೆ. 25ರಿಂದ 35 ಕಿಲೋವೋಲ್ಟಿನ ಆನೋಡು ಅವನ್ನು ಎಳೆಯುತ್ತದೆ. ನಡುವೆ ಉಂಗುರದಂಥ ಎರಡು-ಮೂರು ಎಲೆಕ್ಟ್ರೋಡುಗಳು ಹಾದಿಯನ್ನು ಬಾಗಿಸಿ, ಬಿಂಬವನ್ನು ತಲೆಕೆಳಗು ಮಾಡಿ, ಸುಮಾರು 25 ಮಿಲಿಮೀಟರಿನ ಪರದೆಯ ಮೇಲೆ ಇಳಿಸುತ್ತವೆ. 30 ಕಿಲೋವೋಲ್ಟಿನಲ್ಲಿ ಎಲೆಕ್ಟ್ರಾನಿನ ವೇಗ ಸೆಕೆಂಡಿಗೆ ಲಕ್ಷ ಕಿಲೋಮೀಟರಿನ ಹತ್ತಿರ. ಕ್ಯಾಥೋಡು ಚಪ್ಪಟೆಯಾಗಿದ್ದರೆ ಅಂಚಿನ ಎಲೆಕ್ಟ್ರಾನುಗಳು ನಡುವಿನವುಗಳಿಗಿಂತ ಬೇರೆ ದೂರದಲ್ಲಿ ಕೂಡಿಕೊಳ್ಳುತ್ತವೆ. ಅದನ್ನು ಸರಿದೂಗಿಸಲು ಕ್ಯಾಥೋಡನ್ನು ಬಟ್ಟಲಿನಂತೆ ಬಾಗಿಸುತ್ತಾರೆ. ಆದರೆ ಬಾಗಿದ ಮೇಲ್ಮೈಯ ಬಿಂಬ ಚಪ್ಪಟೆ ಪರದೆಗೆ ಇಳಿದಾಗ ಅಂಚು ಹಿಗ್ಗುತ್ತದೆ, ಚೌಕದ ಮೂಲೆಗಳು ದಿಂಬಿನ ಮೂಲೆಗಳಂತೆ ಹೊರಕ್ಕೆ ಜಗ್ಗುತ್ತವೆ. ಹಿಗ್ಗಿದ ಕಡೆ ಬೆಳಕೂ ತೆಳುವಾಗುತ್ತದೆ. ಒಂದು ದೋಷ ತಿದ್ದಿದರೆ ಇನ್ನೊಂದು ತಲೆಯೆತ್ತುವ ಈ ಆಟಕ್ಕೆ ಪೂರ್ಣ ಪರಿಹಾರವಿಲ್ಲ.

ಭೂಮಿಯ ಕಾಂತಕ್ಷೇತ್ರವನ್ನೂ ಮರೆಯುವಂತಿಲ್ಲ. ನಮ್ಮ ಭಾಗದಲ್ಲಿ ಅದು ಸುಮಾರು 40 ಮೈಕ್ರೋಟೆಸ್ಲಾ, ತೀರ ದುರ್ಬಲ. ಆದರೆ ಕ್ಯಾಥೋಡಿನ ಹತ್ತಿರ ಎಲೆಕ್ಟ್ರಾನು ಇನ್ನೂ ನಿಧಾನವಾಗಿರುವಾಗ ಅದಿಷ್ಟೇ ಸಾಕು, ನೇರ ಗೆರೆ ಇಂಗ್ಲಿಷಿನ ಎಸ್ ಅಕ್ಷರದಂತೆ ನುಲಿಯುತ್ತದೆ. ಸಿ-ಆರ್ಮ್ ತಿರುಗಿದಂತೆ ನುಲಿತವೂ ಬದಲಾಗುತ್ತದೆ. ಟ್ಯೂಬಿನ ಸುತ್ತ ಮ್ಯೂ-ಮೆಟಲ್ ಎಂಬ ಮಿಶ್ರಲೋಹದ ಕವಚ ಹಾಕುವುದು ಇದಕ್ಕಾಗಿ. ಮುಂಭಾಗದಲ್ಲಿ ಮಾತ್ರ ದಪ್ಪ ಕವಚ ಹಾಕಿದರೆ ಎಕ್ಸ್-ರೇಯೇ ಒಳಬರುವುದಿಲ್ಲ, ಹಾಗಾಗಿ ರಕ್ಷಣೆ ಅತ್ಯಂತ ಬೇಕಾದ ಕಡೆಯೇ ಬಾಗಿಲು ತೆರೆದಿರುತ್ತದೆ.

ಹೊರಪರದೆಯಲ್ಲಿ ಬೆಳ್ಳಿ ಬೆರೆಸಿದ ಸತು-ಕ್ಯಾಡ್ಮಿಯಂ ಸಲ್ಫೈಡಿನ ಅತಿ ನಯವಾದ ಪುಡಿ ಕೆಲವೇ ಮೈಕ್ರೋಮೀಟರ್ ದಪ್ಪದಲ್ಲಿರುತ್ತದೆ. ಒಂದೊಂದು ಎಲೆಕ್ಟ್ರಾನು ಇಲ್ಲಿ ಸಾವಿರದಷ್ಟು ಹಸಿರು ಬೆಳಕಿನ ಕಣಗಳನ್ನು ಎಬ್ಬಿಸುತ್ತದೆ. ಅದರ ಬೆನ್ನಿಗೆ ಸುಮಾರು ಅರ್ಧ ಮೈಕ್ರೋಮೀಟರಿನ ಅಲ್ಯೂಮಿನಿಯಂ ಪೊರೆ ಇರುತ್ತದೆ. ಎಲೆಕ್ಟ್ರಾನು ಅದನ್ನು ತೂರಿ ಬರುತ್ತದೆ, ಬೆಳಕು ಮಾತ್ರ ಹಿಂದಕ್ಕೆ ಹೋಗಲಾರದು. ಈ ಪೊರೆಯಿಲ್ಲದಿದ್ದರೆ ಹೊರಪರದೆಯ ಬೆಳಕು ಕ್ಯಾಥೋಡಿಗೆ ಮರಳಿ ಬಿದ್ದು, ಮತ್ತೆ ಎಲೆಕ್ಟ್ರಾನು ಹೊರಡಿಸಿ, ಚಿತ್ರವನ್ನೆಲ್ಲ ಬಿಳಿಚಿಸುತ್ತದೆ. ಪೊರೆಯಿದ್ದರೂ ಹೊರಗಾಜಿನೊಳಗೆ ಬೆಳಕು ಪುಟಿಯುವುದು, ಎಕ್ಸ್-ರೇ ಮತ್ತು ಎಲೆಕ್ಟ್ರಾನುಗಳು ಒಳಗೆ ಚೆದರುವುದು ಪೂರ್ತಿ ನಿಲ್ಲುವುದಿಲ್ಲ. ಗೋಳಗುಮ್ಮಟದ ಪಿಸುಗುಟ್ಟುವ ಮೊಗಸಾಲೆಯಲ್ಲಿ ನೀವು ನಿಂತಿರುತ್ತೀರಿ. ಒಬ್ಬರೇ ಇದ್ದಾಗ ಎದುರುಬದಿಯ ಪಿಸುಮಾತೂ ಸ್ಪಷ್ಟ. ಶಾಲೆಯ ಮಕ್ಕಳ ಗುಂಪೊಂದು ಬಂದು ಕೂಗತೊಡಗಿದರೆ ಆ ಕೂಗುಗಳು ಅಲ್ಲಿಯೇ ಸುತ್ತುತ್ತ ಉಳಿದು, ಪಕ್ಕದವರ ಮಾತೂ ತಿಳಿಯುವುದಿಲ್ಲ. ಟ್ಯೂಬಿನೊಳಗೆ ಸುತ್ತುವ ಬೆಳಕು ಮಾಡುವುದು ಅದನ್ನೇ: ಕಪ್ಪಾಗಿರಬೇಕಾದ ಮೂಳೆಯ ನೆರಳಿನ ಮೇಲೆ ಸುತ್ತಲಿನ ಹೊಳಪು ಬೂದಿಯಂತೆ ಕೂರುತ್ತದೆ. ಇದನ್ನು ಅಳೆಯುವ ರೀತಿ ಸರಳ. ಮುಖದ ವಿಸ್ತೀರ್ಣದ ಶೇಕಡಾ 10ರಷ್ಟನ್ನು ಮುಚ್ಚುವ ಸೀಸದ ಬಿಲ್ಲೆಯನ್ನು ನಡುವೆ ಇಟ್ಟು, ಅದರ ನೆರಳಿನ ನಡುಭಾಗದ ಹೊಳಪನ್ನು ಬಿಲ್ಲೆಯಿಲ್ಲದಾಗಿನ ಹೊಳಪಿಗೆ ಹೋಲಿಸುವುದು. ಒಳ್ಳೆಯ ಟ್ಯೂಬಿನಲ್ಲಿ ಇವೆರಡರ ಅನುಪಾತ 20, 30ರ ಮಟ್ಟದಲ್ಲಿರುತ್ತದೆ. ಮಂಕು ಚಿತ್ರಕ್ಕೆ ಬೆಳಕಿನ ಕೊರತೆಗಿಂತ ಈ ಹೆಚ್ಚುವರಿ ಬೆಳಕೇ ಕಾರಣವಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಒಟ್ಟು ಹೊಳಪು ಎಷ್ಟು ಹೆಚ್ಚುತ್ತದೆ ಎಂಬುದು ಎರಡು ಅಂಕಿಗಳ ಗುಣಲಬ್ಧ. 230 ಮಿಲಿಮೀಟರಿನ ಬಿಂಬವನ್ನು 25ಕ್ಕೆ ಕುಗ್ಗಿಸಿದ್ದರಿಂದ ಸಿಗುವುದು ಸುಮಾರು 85 ಪಟ್ಟು. ಎಲೆಕ್ಟ್ರಾನಿನ ವೇಗದಿಂದ ಸಿಗುವುದು 50ರಿಂದ 100 ಪಟ್ಟು. ಎರಡನ್ನೂ ಗುಣಿಸಿದರೆ ಸುಮಾರು ನಾಲ್ಕರಿಂದ ಎಂಟೂವರೆ ಸಾವಿರ ಪಟ್ಟು. ಮೊದಲನೆಯದು ಇದ್ದ ಬೆಳಕನ್ನೇ ಸಣ್ಣ ಜಾಗಕ್ಕೆ ಗುಡ್ಡೆ ಹಾಕಿದ್ದು, ಅದರಲ್ಲಿ ಹೊಸ ಮಾಹಿತಿ ಏನೂ ಇಲ್ಲ. ವೈದ್ಯರು ಮುಖದ ನಡುಭಾಗವನ್ನಷ್ಟೇ ಹಿಗ್ಗಿಸಿ ತೋರಿಸುವ ‘ಮ್ಯಾಗ್’ ಗುಂಡಿ ಒತ್ತಿ 23ರಿಂದ 15 ಸೆಂಟಿಮೀಟರಿಗೆ ಬಂದಾಗ ಈ ಗುಡ್ಡೆ ಸುಮಾರು 2.3 ಪಟ್ಟು ಕರಗುತ್ತದೆ, ಯಂತ್ರ ಅದನ್ನು ತುಂಬಿಕೊಳ್ಳಲು ವಿಕಿರಣವನ್ನು ಏರಿಸುತ್ತದೆ.

ಇಲ್ಲಿಗೆ ನೀವು ಕಂಡ ಆಸ್ಪತ್ರೆಯ ಯಂತ್ರದ ಮಾತು ಬಂತು. ನಮ್ಮಲ್ಲಿ ಐಐಟಿವಿ (ಇಮೇಜ್ ಇಂಟೆನ್ಸಿಫೈಯರ್ ಟೆಲಿವಿಷನ್) ಎಂದು ಕರೆಯುವ ಈ ವ್ಯವಸ್ಥೆಯಲ್ಲಿ ಹೊಳಪನ್ನು ಸ್ಥಿರವಾಗಿಡುವ ಸ್ವಯಂಚಾಲಿತ ನಿಯಂತ್ರಣ ಇರುತ್ತದೆ. ವರ್ಷಗಳು ಕಳೆದಂತೆ ಫೋಟೋಕ್ಯಾಥೋಡು ದಣಿಯುವುದು ನಿಜ. ಉಳಿದ ಅನಿಲದ ಅಯಾನುಗಳು ಅದಕ್ಕೆ ಬಡಿಯುತ್ತವೆ, ಪರದೆಗಳೂ ಸವೆಯುತ್ತವೆ. ಆದರೆ ಟ್ಯೂಬ್ ದಣಿದರೆ ಚಿತ್ರ ಕೂಡಲೇ ಮಂಕಾಗುವುದಿಲ್ಲ. ನಿಯಂತ್ರಣ ವ್ಯವಸ್ಥೆ ಎಕ್ಸ್-ರೇ ಹುಟ್ಟಿಸುವ ಭಾಗದ ಕಿಲೋವೋಲ್ಟನ್ನೂ (ಕೆವಿ) ಮಿಲಿಆಂಪಿಯರನ್ನೂ (ಎಂಎ) ಸದ್ದಿಲ್ಲದೆ ಏರಿಸಿ ಅದೇ ಹೊಳಪನ್ನು ತೋರಿಸುತ್ತಿರುತ್ತದೆ. ರೋಗಿಗೂ ಪಕ್ಕದಲ್ಲಿ ನಿಂತವರಿಗೂ ಬೀಳುವ ವಿಕಿರಣವಷ್ಟೇ ಹೆಚ್ಚುತ್ತದೆ. ಆ ಎಕ್ಸ್-ರೇ ಜನರೇಟರ್ ತನ್ನ ಮಿತಿ ಮುಟ್ಟಿದ ಮೇಲೆಯೇ ಮಂಕು ಕಣ್ಣಿಗೆ ಬೀಳುವುದು. ಆದ್ದರಿಂದ ಮೊದಲು ನೋಡಬೇಕಾದದ್ದು ಒಂದೇ ರೋಗಿಯಂಥ ವಸ್ತುವನ್ನಿಟ್ಟಾಗ ಕೆವಿ, ಎಂಎ ಹಿಂದೆ ಎಷ್ಟಿತ್ತು, ಈಗ ಎಷ್ಟಿದೆ ಎಂಬುದನ್ನು. ಅವು ಏರಿಲ್ಲದೆ ಚಿತ್ರ ಮಾತ್ರ ಮಂಕಾಗಿದ್ದರೆ ತಪ್ಪು ಮಾನಿಟರಿನಲ್ಲೋ, ಕ್ಯಾಮೆರಾಕ್ಕೆ ಬೆಳಕು ಬಿಡುವ ಕಿಂಡಿಯಾದ ಐರಿಸಿನಲ್ಲೋ, ಮಸೂರದ ಮೇಲಿನ ಧೂಳಿನಲ್ಲೋ ಇರಬಹುದು. ಏರಿದ್ದರೆ ಆ ತಂತ್ರಜ್ಞರ ಮಾತು ಸರಿ, ಟ್ಯೂಬನ್ನು ಬದಲಿಸುವ ಕಾಲ ಬಂದಿದೆ.

ಇತ್ತೀಚಿನ ಯಂತ್ರಗಳಲ್ಲಿ ಟ್ಯೂಬೇ ಇಲ್ಲ, ಚಪ್ಪಟೆ ಫಲಕವಿದೆ ಎಂದು ನಿಮ್ಮ ಪರೀಕ್ಷಕರು ಕೇಳಬಹುದು. ಅದು ನಿಜ, ದಿಂಬಿನ ವಿರೂಪವೂ ಕಾಂತಕ್ಷೇತ್ರದ ನುಲಿತವೂ ಅಲ್ಲಿ ಇಲ್ಲ. ಆದರೆ ಅಂಥ ಬಹುಪಾಲು ಫಲಕಗಳ ಮುಂಭಾಗದಲ್ಲಿರುವುದು ಅದೇ ಸೂಜಿಹರಳಿನ ಸೀಸಿಯಂ ಅಯೊಡೈಡ್, ಸೋಡಿಯಂ ಬದಲು ಥ್ಯಾಲಿಯಂ ಬೆರೆಸಿದ್ದು ಅಷ್ಟೇ. ಬೆಳಗಿಸುವ ಭಾಗವೆಲ್ಲ ಹೋಗಿ ಹಿಡಿಯುವ ಭಾಗ ಉಳಿದುಕೊಂಡಿದೆ.

ಪ್ರಾಜೆಕ್ಟಿಗೆ ನನ್ನ ಸಲಹೆ ಇದು. ಟ್ಯೂಬ್ ತಯಾರಿಸುವ ಆಸೆಯನ್ನು ಬದಿಗಿಟ್ಟು, ಕಂಪ್ಯೂಟರಿನಲ್ಲಿ ಒಂದು ಟ್ಯೂಬಿನ ಅಡ್ಡಕೊಯ್ತವನ್ನು ಬರೆದುಕೊಂಡು, ಅಕ್ಷದ ಸುತ್ತ ಸಮಮಿತಿ ಇದೆ ಎಂದು ಹಿಡಿದು ಒಳಗೆ ಎಲ್ಲೆಲ್ಲಿ ಎಷ್ಟು ವೋಲ್ಟೇಜ್ ಇದೆ ಎಂದು ತಿಳಿಸುವ ಲಾಪ್ಲಾಸ್ ಸಮೀಕರಣವನ್ನು ಬಿಡಿಸಿ. ಕ್ಯಾಥೋಡಿನ ಹತ್ತಾರು ಬಿಂದುಗಳಿಂದ ಎಲೆಕ್ಟ್ರಾನುಗಳನ್ನು ಹೊರಡಿಸಿ ಅವು ಎಲ್ಲಿ ಇಳಿಯುತ್ತವೆ ಎಂದು ಗುರುತಿಸಿ. ಕ್ಯಾಥೋಡಿನ ಬಾಗುವಿಕೆಯನ್ನು ಬದಲಿಸುತ್ತ ಅಂಚಿನ ಮಸುಕು ಮತ್ತು ದಿಂಬಿನ ವಿರೂಪ ಒಂದಕ್ಕೊಂದು ಹೇಗೆ ಎದುರಾಗುತ್ತವೆ ಎಂಬ ನಕ್ಷೆಯನ್ನು ತೆಗೆಯಿರಿ. ಆಮೇಲೆ 40 ಮೈಕ್ರೋಟೆಸ್ಲಾ ಸೇರಿಸಿ ನೋಡಿ. ಸೀಸದ ಬಿಲ್ಲೆಯ ಅಳತೆಯನ್ನು ನಿಜವಾದ ಯಂತ್ರದಲ್ಲಿ ಮಾಡುವ ಮನಸ್ಸಿದ್ದರೆ, ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಪರವಾನಗಿ ಇರುವ ಆಸ್ಪತ್ರೆಯಲ್ಲಿ, ಅಲ್ಲಿನ ವಿಕಿರಣ ಸುರಕ್ಷತಾ ಅಧಿಕಾರಿಯ ಒಪ್ಪಿಗೆ ಪಡೆದು, ಅವರ ಎದುರಿನಲ್ಲಿಯೇ ಮಾಡಿ.

ಇನ್ನು ಗುಜರಿಯ ಟ್ಯೂಬ್. ಅದರೊಳಗಿನ ನಿರ್ವಾತ ಇನ್ನೂ ಉಳಿದಿರಬಹುದು. ಗಾಜಿನ ಕವಚದ ಹಳೆಯ ಟ್ಯೂಬಾದರೆ ಒಂದು ಗೀರು ಸಾಕು. ಮೇಲೆ ಹೇಳಿದ ನಾಲ್ಕು ಚೀಲಗಳ ಭಾರ ಒಮ್ಮೆಗೇ ಒಳಕ್ಕೆ ಕುಸಿದು ಗಾಜಿನ ಚೂರುಗಳು ಕೋಣೆಯ ತುಂಬ ಹಾರುತ್ತವೆ. ಒಳಗೆ ಕ್ಯಾಡ್ಮಿಯಂ ಇರುವ ಪುಡಿಯಿದೆ, ಗಾಳಿ ತಾಗಿದರೆ ಉರಿಯುವ ಕ್ಷಾರಲೋಹದ ಅಂಶಗಳಿವೆ, ಹೊರಕವಚಕ್ಕೆ ಸೀಸದ ಹಾಳೆ ಹಚ್ಚಿರುತ್ತದೆ. ವಿದ್ಯುತ್ ಘಟಕವೂ ಜೊತೆಗಿದ್ದರೆ ಅದರ ಕೆಪಾಸಿಟರುಗಳಲ್ಲಿ ವಿದ್ಯುದಾವೇಶ ಉಳಿದಿರಬಹುದು. ಕವಚದಿಂದ ಹೊರತೆಗೆಯದೆ, ಅಗಲವಾದ ಮುಖವನ್ನು ಕೆಳಗೆ ಮಾಡಿ, ದಪ್ಪ ಸ್ಪಂಜಿನ ಮೇಲಿಟ್ಟು, ಕಟ್ಟಿಗೆಯ ಪೆಟ್ಟಿಗೆಯಲ್ಲಿ ಮುಚ್ಚಿಡಿ. ಮೇಲಿನ ಲೇಬಲಿನ ಮಾದರಿ ಸಂಖ್ಯೆಯನ್ನು ಬರೆದುಕೊಂಡರೆ ಅದರ ವ್ಯಾಸ, ವೋಲ್ಟೇಜ್‌ಗಳ ವಿವರ ಸಿಕ್ಕೀತು; ನಿಮ್ಮ ಕಂಪ್ಯೂಟರ್ ಲೆಕ್ಕಕ್ಕೆ ಬೇಕಾದ ಅಳತೆಗಳು ಅವೇ.